ಹಳೆ ಸ್ಪೋರ್ಟ್ಸ್ ಕಾರಿನ ವ್ಯಾಕ್ಯೂಮ್ ಸೊಲೆನಾಯ್ಡ್ ಮುರಿದರೆ: ಕಲಬುರಗಿಯ ಬಿಸಿಲು, ಧೂಳಿನಲ್ಲಿ ಗಾಡಿ ಇಟ್ಟುಕೊಂಡವರಿಗೆ

ಏರ್ ಫಿಲ್ಟರ್ ಬದಲಿಸಲೆಂದು ಬಾನೆಟ್ ಎತ್ತಿ, ಅಡ್ಡ ಬಂದ ಸಣ್ಣ ರಬ್ಬರ್ ಪೈಪನ್ನು ಎಳೆಯುತ್ತೀರಿ. 'ಟಕ್' ಎಂದು ಪ್ಲಾಸ್ಟಿಕ್ ನಿಪ್ಪಲ್ ಬುಡದಲ್ಲೇ ಮುರಿದು ಪೈಪಿನೊಳಗೆ ಉಳಿಯುತ್ತದೆ. ಹಳೆ ಕಾರುಗಳಲ್ಲಿ ವ್ಯಾಕ್ಯೂಮ್ ಸೊಲೆನಾಯ್ಡ್ (ಕರೆಂಟಿನಿಂದ ಗಾಳಿಯ ದಾರಿ ತೆರೆದು ಮುಚ್ಚುವ ಸಣ್ಣ ವಾಲ್ವ್) ಕೆಡುವ ಬಗೆಗಳಲ್ಲಿ ಇದು ತೀರಾ ಸಾಮಾನ್ಯ. ಕಲಬುರಗಿಯಲ್ಲಿ ಏಪ್ರಿಲ್, ಮೇ ಬಂತೆಂದರೆ ನೆರಳಿನಲ್ಲೇ 42–44 ಡಿಗ್ರಿ. ಬಾನೆಟ್ ಒಳಗೆ, ಟರ್ಬೋ ಮಗ್ಗುಲಲ್ಲಿ, ಅದರ ಎರಡು ಪಟ್ಟು. ಹದಿನೈದು ಇಪ್ಪತ್ತು ಬೇಸಿಗೆ ಹೀಗೆ ಬೆಂದ ನೈಲಾನ್ ಹಪ್ಪಳವಾಗಿರುತ್ತದೆ. ಮೇಲಿನ ರಬ್ಬರ್ ಪೈಪು ಗಟ್ಟಿಯಾಗಿ ನಿಪ್ಪಲ್ಲಿಗೆ ಕಚ್ಚಿಕೊಂಡಿರುತ್ತದೆ. ಎರಡರಲ್ಲಿ ಸೋಲುವುದು ನಿಪ್ಪಲ್.

ಮುರಿದದ್ದು ಕಣ್ಣಿಗೆ ಕಾಣುತ್ತದೆ, ಸರಿ. ಏನೂ ಮುರಿಯದೆ ಪಿಕಪ್ ಬಿದ್ದಾಗ "ಸಾಹೇಬ್ರ, ಸೊಲೆನಾಯ್ಡ್ ಹೋಗ್ಯದ್ರಿ" ಎಂಬ ಮಾತು ಗ್ಯಾರೇಜಿನಲ್ಲಿ ಬೇಗ ಬಂದುಬಿಡುತ್ತದೆ. ಇಂಥ ಗಾಡಿಗಳ ಸಾಮಾನು ನಮ್ಮಲ್ಲಿ ಅಂಗಡಿಯಲ್ಲಿ ಸಿಗುವುದಿಲ್ಲ. ಹೈದರಾಬಾದಿನಿಂದಲೋ ಪುಣೆಯಿಂದಲೋ ತರಿಸಬೇಕು. ವಾರ ಕಾದು ಬಂದ ಹೊಸ ಸೊಲೆನಾಯ್ಡ್ ಹಾಕಿದ ಮೇಲೂ ದೋಷ ಹಾಗೇ ಇದ್ದರೆ, ಕೆಟ್ಟಿದ್ದು ಎರಡು ರೂಪಾಯಿಯ ಪೈಪೋ ಸಡಿಲಾದ ವೈರಿನ ಕಪ್ಲರೋ ಆಗಿರುತ್ತದೆ. ಆದ್ದರಿಂದ ಆರ್ಡರ್ ಮಾಡುವ ಮೊದಲು ಎರಡು ಸಂಗತಿ ಗೊತ್ತಿರಲೇಬೇಕು: ದೋಷ ಕರೆಂಟಿನದೋ ಗಾಳಿಯದೋ ಎಂಬುದು ಒಂದು, ಆ ಸೊಲೆನಾಯ್ಡ್ ಯಾವುದನ್ನು ಆಳುತ್ತದೆ ಎಂಬುದು ಇನ್ನೊಂದು. ಎರಡನೆಯದನ್ನು ತಿಳಿಯದೆ ಟರ್ಬೋ ಗಾಡಿಯಲ್ಲಿ ಸಿಕ್ಕ ಪೈಪಿನ ಬಾಯಿ ಮುಚ್ಚಿದರೆ ಎಂಜಿನ್ನಿಗೇ ಕುತ್ತು.

ಒಳಗೆ ಏನಿದೆ

ತಾಮ್ರದ ಕಾಯಿಲ್, ಅದರ ನಡುವೆ ಸ್ಪ್ರಿಂಗ್ ತಳ್ಳುತ್ತಿರುವ ಕಬ್ಬಿಣದ ಪ್ಲಂಜರ್, ಪ್ಲಂಜರಿನ ತುದಿಯಲ್ಲಿ ರಬ್ಬರ್ ಸೀಟು. ಇಷ್ಟೇ. ಹೊರಗೆ ಎರಡು ಇಲ್ಲವೇ ಮೂರು ನಿಪ್ಪಲ್. ಮೂರರದ್ದಾದರೆ ಒಂದು ವ್ಯಾಕ್ಯೂಮ್ ಬರುವ ದಾರಿ, ಒಂದು ಆಕ್ಚುಯೇಟರ್ ಡಬ್ಬಿಗೆ (ಗಾಳಿಯ ಬಲದಿಂದ ಸರಳು ಸರಿಸುವ ಡಬ್ಬಿ) ಹೋಗುವ ದಾರಿ, ಮೂರನೆಯದು ಹೊರಗಿನ ಗಾಳಿಗೆ ತೆರೆದಿರುವ ಉಸಿರಾಟದ ದಾರಿ. ಈ ಮೂರನೆಯದಕ್ಕೆ ಹಲವು ಸಲ ಪೈಪೇ ಇರುವುದಿಲ್ಲ, ಸ್ಪಂಜ್ ತುಂಬಿದ ಸಣ್ಣ ಟೋಪಿ ಇರುತ್ತದೆ. ಕರೆಂಟ್ ಇಲ್ಲದಾಗ ಆಕ್ಚುಯೇಟರ್ ಹೊರಗಾಳಿಗೆ ಸೇರಿರುತ್ತದೆ, ಕರೆಂಟ್ ಬಂದರೆ ವ್ಯಾಕ್ಯೂಮಿಗೆ ಸೇರುತ್ತದೆ. ಇದರ ಉಲ್ಟಾ ಕೆಲಸ ಮಾಡುವವೂ ಇವೆ, ಹಾಗಾಗಿ ಪರೀಕ್ಷೆಯಲ್ಲಿ ನಿಮ್ಮದು ಯಾವ ಜಾತಿ ಎಂದು ಬರೆದಿಟ್ಟುಕೊಳ್ಳಿ.

ಕೆಲವು ಬರೀ ಆನ್-ಆಫ್. ಕೆಲವಕ್ಕೆ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಸೆಕೆಂಡಿಗೆ ಹತ್ತಾರು ಬಾರಿ ಕರೆಂಟ್ ಕೊಟ್ಟು ಕಿತ್ತು, ಅರ್ಧ ತೆರೆದಂತೆ, ಮುಕ್ಕಾಲು ತೆರೆದಂತೆ ನಡೆಸುತ್ತದೆ. ಬೂಸ್ಟ್, ಅಂದರೆ ಟರ್ಬೋ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ, ಅದನ್ನು ಆಳುವವು ಈ ಎರಡನೆಯ ಬಗೆ.

ನಮ್ಮ ರಸ್ತೆಗಳಲ್ಲಿ ಈಗಲೂ ಕಾಣುವ ಹಳೆ ಸ್ಪೋರ್ಟ್ಸ್ ಕಾರೆಂದರೆ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಲೀಟರ್ ಟರ್ಬೋ ಪೆಟ್ರೋಲ್, 150 ಅಶ್ವಶಕ್ತಿಯದು. ಅದನ್ನೇ ಉದಾಹರಣೆಗೆ ಹಿಡಿಯೋಣ. ಈ ಎಂಜಿನ್ ಕುಟುಂಬದಲ್ಲಿ ಸೊಲೆನಾಯ್ಡ್‌ಗಳಿಗೆ ನಂಬರ್ ಇವೆ. ಎನ್75 ವೇಸ್ಟ್‌ಗೇಟ್ (ಎಂಜಿನ್ ಹೊಗೆಯನ್ನು ಟರ್ಬೋ ತಪ್ಪಿಸಿ ಬಿಡುವ ಬಾಗಿಲು) ಆಳುತ್ತದೆ, ಅಂದರೆ ಟರ್ಬೋ ಎಷ್ಟು ಬೂಸ್ಟ್ ಕೊಡಬೇಕೆಂದು ನಿರ್ಧರಿಸುವುದು ಇದು. ಇದರಲ್ಲಿ ಹರಿಯುವುದು ವ್ಯಾಕ್ಯೂಮ್ ಅಲ್ಲ, ಟರ್ಬೋ ಒತ್ತಡ. ಎನ್249 ಡೈವರ್ಟರ್ ವಾಲ್ವಿಗೆ (ಆಕ್ಸಿಲರೇಟರ್ ಬಿಟ್ಟಾಗ ಉಳಿದ ಬೂಸ್ಟನ್ನು ಬಿಡುವ ವಾಲ್ವ್) ವ್ಯಾಕ್ಯೂಮ್ ಕಳಿಸುತ್ತದೆ; ಇದಕ್ಕೆ ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆ) ಕೆಳಗೆ ವ್ಯಾಕ್ಯೂಮ್ ಕೂಡಿಟ್ಟುಕೊಳ್ಳುವ ಒಂದು ವ್ಯಾಕ್ಯೂಮ್ ಡಬ್ಬಿಯೂ ಇರುತ್ತದೆ. ಎನ್80 ಎರಡೇ ನಿಪ್ಪಲ್ಲಿನದು, ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಎಳೆದುಕೊಳ್ಳುವ ಪರ್ಜ್ ವಾಲ್ವ್. ಮಜ್ದಾ ಆರ್‌ಎಕ್ಸ್-7ರ ಅವಳಿ ಟರ್ಬೋ ಮಾದರಿಯಲ್ಲಂತೂ ಇಂಥವು ಹತ್ತಕ್ಕೂ ಹೆಚ್ಚಿವೆ, ಪೈಪುಗಳ ಜಾಲ ಹಕ್ಕಿಗೂಡಿನಂತಿರುತ್ತದೆ. ಎಷ್ಟೇ ಇರಲಿ, ಪರೀಕ್ಷೆ ಮಾಡುವ ಕ್ರಮ ಒಂದೇ. ಸ್ಕಾರ್ಪಿಯೋದಂಥ ಡೀಸೆಲ್ ಗಾಡಿಗೂ ಹೆಚ್ಚಿನದು ಹೊಂದುತ್ತದೆ. ಅಲ್ಲಿ ವ್ಯಾಕ್ಯೂಮ್ ಮ್ಯಾನಿಫೋಲ್ಡಿನ ಬದಲು ಬ್ರೇಕಿನ ವ್ಯಾಕ್ಯೂಮ್ ಪಂಪಿನಿಂದ ಬರುತ್ತದೆ ಎಂಬುದಷ್ಟೇ ಬೇರೆ.

ಲಕ್ಷಣ ಏನು ಹೇಳುತ್ತದೆ

ಐಡ್ಲಿಂಗಿನಲ್ಲಿ 'ಸುಸ್' ಎಂಬ ಸದ್ದು, ಆರ್‌ಪಿಎಂ ಏರಿಳಿತ, ಸ್ಕ್ಯಾನರಿನಲ್ಲಿ ಪಿ0171 ಕೋಡ್ (ಮಿಶ್ರಣದಲ್ಲಿ ಗಾಳಿ ಹೆಚ್ಚು) ಇದ್ದರೆ ಎಲ್ಲೋ ಹೊರಗಾಳಿ ಒಳಗೆ ಸೇರುತ್ತಿದೆ. ಮುರಿದ ನಿಪ್ಪಲ್, ಸೀಳಿದ ಪೈಪ್ ಎರಡೂ ಹೀಗೇ ತೋರುತ್ತವೆ.

ಪೆಟ್ರೋಲ್ ತುಂಬಿಸಿದ ಕೂಡಲೇ ಸೆಲ್ಫ್ ಹೊಡೆದರೆ ಎಂಜಿನ್ ತಡವರಿಸಿ, ರೇಸ್ ಕೊಟ್ಟರೆ ಮಾತ್ರ ನಿಂತುಕೊಳ್ಳುತ್ತದೆಯೇ? ಅದು ಮುಚ್ಚದೆ ಉಳಿದ ಪರ್ಜ್ ವಾಲ್ವಿನ ಗುರುತು. ಟ್ಯಾಂಕಿನ ಆವಿಯೆಲ್ಲ ಒಮ್ಮೆಗೇ ನುಗ್ಗಿ ಮಿಶ್ರಣ ಹೆಚ್ಚು ಪೆಟ್ರೋಲ್ ಆಗಿಬಿಡುತ್ತದೆ. ಈ ಒಂದು ಲಕ್ಷಣ ಅಷ್ಟು ಸ್ಪಷ್ಟ, ಇದಕ್ಕೆ ಬೇರೆ ಕಾರಣ ಹುಡುಕುವ ಮೊದಲು ಎನ್80 ಕಳಚಿ ಊದಿ ನೋಡಿ. ಕರೆಂಟ್ ಇಲ್ಲದಾಗ ಅದರಲ್ಲಿ ಗಾಳಿ ಹಾಯಲೇಬಾರದು.

ಪಿಕಪ್ ಸತ್ತು, ಟರ್ಬೋ ಇದ್ದೂ ಇಲ್ಲದಂತಾಗಿ ಪಿ0299 ಬಂದರೆ ಬೂಸ್ಟ್ ಕಮ್ಮಿ. ಗಾಡಿ ಭರ್ ಎಂದು ಎಳೆದು ತಟ್ಟನೆ ಯಾರೋ ಹಿಂದಕ್ಕೆ ಜಗ್ಗಿದಂತೆ ಕಟ್ ಆಗಿ ಪಿ0234 ಬಂದರೆ ಬೂಸ್ಟ್ ಹೆಚ್ಚು. ಎರಡನೆಯದು ಅಪಾಯದ್ದು, ಅದಿರುವಾಗ ಗಾಡಿಗೆ ಜೋರು ಕೊಡಬೇಡಿ. ಪಿ0243 ಬಂದರೆ ವೇಸ್ಟ್‌ಗೇಟ್ ಸೊಲೆನಾಯ್ಡಿನ ವೈರಿಂಗ್ ಕಡೆಯ ದೂರು, ಪಿ0443 ಪರ್ಜ್ ವಾಲ್ವಿನ ವೈರಿಂಗಿನದು. ಇಸಿಎಂಗೆ ಕಾಣುವುದು ಕರೆಂಟ್ ಮಾತ್ರ, ಆದ್ದರಿಂದ ನಿಪ್ಪಲ್ ಮುರಿದರೆ ಈ ಸರ್ಕಿಟ್ ಕೋಡ್‌ಗಳು ಬರುವುದಿಲ್ಲ. ಕೋಡ್ ಇಲ್ಲ ಎಂದ ಮಾತ್ರಕ್ಕೆ ಸೊಲೆನಾಯ್ಡ್ ಸರಿ ಇದೆ ಎಂದುಕೊಳ್ಳಬೇಡಿ.

ಬೇಕಾದ ಸಾಮಾನು

ಮಲ್ಟಿಮೀಟರ್. ಗೇಜ್ ಇರುವ ಕೈ ವ್ಯಾಕ್ಯೂಮ್ ಪಂಪ್. ಇಲ್ಲದಿದ್ದರೆ ಮೆಡಿಕಲ್ ಅಂಗಡಿಯ 50 ಅಥವಾ 60 ಎಂ.ಎಲ್. ಸಿರಿಂಜ್ ಸಾಕು, ಅದು ನಿಜಕ್ಕೂ ಒಳ್ಳೆಯ ಬದಲಿ. ಒಂದು ಮೀಟರ್ ಹಳೆ ಪೈಪ್, ಒಂದು ತುದಿ ಕಿವಿಗೆ ಹಿಡಿದು ಇನ್ನೊಂದು ತುದಿಯಿಂದ ಲೀಕ್ ಹುಡುಕಲು. ಬ್ಲೇಡ್, ಮಾಸ್ಕಿಂಗ್ ಟೇಪ್, ಮಾರ್ಕರ್ ಪೆನ್, ಸಣ್ಣ ಕೇಬಲ್ ಟೈ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, 1 ಆಂಪಿಯರ್ ಫ್ಯೂಸ್ ಕೂಡಿಸಿದ ಎರಡು ತುಂಡು ವೈರ್. 4 ಮಿ.ಮೀ. ವ್ಯಾಕ್ಯೂಮ್ ಪೈಪ್ ಎರಡು ಮೀಟರ್ ಮೊದಲೇ ತರಿಸಿಟ್ಟಿರಿ, ಹೇಗೂ ಬೇಕಾಗುತ್ತದೆ.

ಗಾಡಿ ನಿಲ್ಲಿಸಿ ಕನಿಷ್ಠ ಮುಕ್ಕಾಲು ತಾಸು ಆರಲು ಬಿಡಿ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಮಾಡುವ ಕೆಲಸ ಇದು. ಕೀ ಕಿತ್ತ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದು, ಬೆರಳು ಅತ್ತ ಇಡಬೇಡಿ. ಲೀಕ್ ಹುಡುಕಲು ಕಾರ್ಬ್ ಕ್ಲೀನರ್ ಸಿಂಪಡಿಸುವ ರೂಢಿ ಗ್ಯಾರೇಜುಗಳಲ್ಲಿದೆ. ಬಿಸಿ ಟರ್ಬೋ ಮೇಲೆ ಬಿದ್ದರೆ ಅದಕ್ಕೆ ಬೆಂಕಿ ಹತ್ತುತ್ತದೆ. ಕಿವಿಗೆ ಹಿಡಿದ ಪೈಪಿನಲ್ಲೇ ಲೀಕ್ ಸಿಗುವಾಗ ಅದು ಬೇಡ. ಅಗರಬತ್ತಿ ಹೊಗೆಯೂ ಬೇಡ, ಪೆಟ್ರೋಲ್ ಆವಿ ಇರುವ ಜಾಗ.

ಪೈಪ್ ಬಿಚ್ಚುವುದು

ಎಷ್ಟೋ ಸೊಲೆನಾಯ್ಡ್‌ಗಳು ಸಾಯುವುದು ಈ ಹಂತದಲ್ಲಿ, ರಿಪೇರಿ ಮಾಡುವವರ ಕೈಯಲ್ಲೇ. ಗಟ್ಟಿಯಾದ ಪೈಪನ್ನು ಎಳೆಯಬೇಡಿ, ಅಲ್ಲಾಡಿಸಬೇಡಿ, ಪಕ್ಕಡ್ ಹಾಕಿ ತಿರುಗಿಸಬೇಡಿ. ನಿಪ್ಪಲ್ ಮೇಲಿನ ಒಂದು ಸೆಂ.ಮೀ. ಭಾಗವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಬಾಳೆಹಣ್ಣಿನ ಸಿಪ್ಪೆಯಂತೆ ಬಿಡಿಸಿ ತೆಗೆಯಿರಿ. ಬ್ಲೇಡ್ ಪ್ಲಾಸ್ಟಿಕ್ಕಿಗೆ ತಾಗಿ ಗೀರು ಬಿದ್ದರೆ ಅದೇ ಮುಂದೆ ಲೀಕ್ ಆಗುವ ಗೆರೆ. ರಬ್ಬರನ್ನು ಮುಕ್ಕಾಲು ಆಳ ಕೊಯ್ದು ಉಳಿದದ್ದನ್ನು ಉಗುರಿನಿಂದ ಬಿಡಿಸಿ. ಪೈಪ್ ಹಾಳಾಗಲಿ, ಅದು ಅಗ್ಗದ್ದು.

ಒಂದು ಪೈಪ್ ಬಿಚ್ಚಿದರೆ ಅದಕ್ಕೂ ಅದರ ನಿಪ್ಪಲ್ಲಿಗೂ ಒಂದೇ ನಂಬರಿನ ಟೇಪ್ ಅಂಟಿಸಿ, ಆಮೇಲೆ ಎರಡನೆಯದಕ್ಕೆ ಕೈ ಹಾಕಿ. ಫೋಟೋ ತೆಗೆದರೂ ನಂಬರ್ ಹಾಕಲೇಬೇಕು, ಏಕೆಂದರೆ ಫೋಟೋದಲ್ಲಿ ಕಪ್ಪು ಪೈಪೆಲ್ಲ ಒಂದೇ. ನಡುವೆ ಒನ್-ವೇ ವಾಲ್ವ್ ಸಿಕ್ಕರೆ, ಅಂದರೆ ಎರಡು ಬಣ್ಣದ ಸಣ್ಣ ಪ್ಲಾಸ್ಟಿಕ್ ಗುಂಡು, ಯಾವ ಬಣ್ಣ ಯಾವ ಕಡೆ ಎಂದು ಬರೆದುಕೊಳ್ಳಿ. ಅದನ್ನು ತಿರುವಿ ಹಾಕಿದರೆ ಬೂಸ್ಟ್ ಬಂದಾಗ ಒತ್ತಡ ವ್ಯಾಕ್ಯೂಮ್ ಡಬ್ಬಿಗೆ ನುಗ್ಗುತ್ತದೆ, ಆಮೇಲೆ ಹೊಸ ಸೊಲೆನಾಯ್ಡ್ ಹಾಕಿದರೂ ಕೆಲಸ ಮಾಡುವುದಿಲ್ಲ.

ಮೊದಲು ಕರೆಂಟ್

ಕಪ್ಲರ್ ಕಿತ್ತು, ಸೊಲೆನಾಯ್ಡಿನ ಎರಡು ಪಿನ್ ನಡುವೆ ಓಮ್ ನೋಡಿ. ಬೂಸ್ಟ್ ಮತ್ತು ಡೈವರ್ಟರ್ ಸೊಲೆನಾಯ್ಡ್‌ಗಳಲ್ಲಿ ಸಾಮಾನ್ಯವಾಗಿ 25–35 ಓಮ್, ಹಳೆ ಜಪಾನಿ ಗಾಡಿಗಳ ವಾಲ್ವ್‌ಗಳಲ್ಲಿ 30–40 ಓಮ್ ಸುತ್ತ ಇರುತ್ತದೆ. ಡೀಸೆಲ್ ಟರ್ಬೋದವು 15 ಓಮ್ ಆಸುಪಾಸಿನವೂ ಇವೆ, ಅದಕ್ಕೆ ನಿಮ್ಮ ಗಾಡಿಯ ಮ್ಯಾನುಯಲ್ಲಿನ ಅಂಕಿಯೇ ಕೊನೆಯ ಮಾತು. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಕಟ್ಟಾಗಿದೆ. ಐದಾರು ಓಮ್ ತೋರಿಸಿದರೆ ಒಳಗೆ ಶಾರ್ಟ್. ಪಿನ್ನಿಗೂ ಬಾಡಿಗೂ ನಡುವೆ ಏನೂ ತೋರಿಸಬಾರದು.

ಇಲ್ಲಿ ನಮ್ಮ ಬಿಸಿಲಿನ ಲೆಕ್ಕ ಬೇಕು. ಮ್ಯಾನುಯಲ್ಲಿನ ಅಂಕಿ 20 ಡಿಗ್ರಿಯದು. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ನೂರಕ್ಕೆ 0.39ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 30 ಓಮ್ ಇದ್ದದ್ದು 45 ಡಿಗ್ರಿಯಲ್ಲಿ ಸುಮಾರು 33, ಬಿಸಿ ಎಂಜಿನ್ ಪಕ್ಕ 60 ಡಿಗ್ರಿಯಲ್ಲಿ ಸುಮಾರು 35 ಆಗುತ್ತದೆ. ಮೇ ತಿಂಗಳ ಮಧ್ಯಾಹ್ನ ಅಳೆದು ಮೂರು ಓಮ್ ಹೆಚ್ಚಿದೆ ಎಂದು ಒಳ್ಳೆಯ ಸೊಲೆನಾಯ್ಡನ್ನು ಎಸೆಯಬೇಡಿ.

ತಣ್ಣಗಿದ್ದಾಗ ಸರಿ, ಹದಿನೈದು ನಿಮಿಷ ಓಡಿಸಿದ ಮೇಲೆ ದೋಷ ಬರುತ್ತದೆ ಎಂದಾದರೆ ಮೀಟರ್ ಹಚ್ಚಿಟ್ಟೇ ಹೇರ್ ಡ್ರೈಯರಿನಿಂದ ಬಿಸಿ ಮಾಡಿ. ಅಂಕಿ ನಿಧಾನ ಏರುತ್ತ ಹೋಗಬೇಕು. ತಟ್ಟನೆ ಮಾಯವಾದರೆ ಕಾಯಿಲ್ ಒಳಗೆ ಸಣ್ಣ ಬಿರುಕಿದೆ, ಬಿಸಿಗೆ ಬಾಯಿ ಬಿಡುತ್ತಿದೆ.

ಕಾಯಿಲ್ ಸರಿ ಇದ್ದರೆ ಕಪ್ಲರಿನ ಕಡೆ ನೋಡಿ. ಒಂದು ವೈರಿನಲ್ಲಿ ಬ್ಯಾಟರಿಯಷ್ಟೇ ವೋಲ್ಟೇಜ್ ಇರಬೇಕು, ಅರ್ಧ ವೋಲ್ಟಿಗಿಂತ ಹೆಚ್ಚು ಕಮ್ಮಿಯಾಗಬಾರದು. ಕೆಲವು ಗಾಡಿಗಳಲ್ಲಿ, ಮೇಲೆ ಹೇಳಿದ 1.8 ಟರ್ಬೋದಲ್ಲಿ ಕೂಡ, ಈ ಸಪ್ಲೈ ಫ್ಯುಯೆಲ್ ಪಂಪ್ ರಿಲೇ ಕಡೆಯಿಂದ ಬರುತ್ತದೆ. ಕೀ ಆನ್ ಮಾಡಿದ ಒಂದೆರಡು ಸೆಕೆಂಡಿಗೆ ಅದು ಹೋಗಿಬಿಡುತ್ತದೆ. 'ಕರೆಂಟೇ ಬರ್ತಿಲ್ಲ' ಎಂದು ವೈರಿಂಗ್ ಬಿಚ್ಚುವ ಮೊದಲು ಎಂಜಿನ್ ಚಾಲೂ ಇಟ್ಟು ಅಳೆಯಿರಿ.

ಇನ್ನೊಂದು ವೈರ್ ಇಸಿಎಂಗೆ ಹೋಗುತ್ತದೆ. ಇಸಿಎಂ ಅದನ್ನು ಅರ್ಥ್ ಮಾಡಿದಾಗ ಸೊಲೆನಾಯ್ಡ್ ಕೆಲಸ ಮಾಡುತ್ತದೆ. ಆ ವೈರಿಗೆ 21 ವಾಟ್ ಇಂಡಿಕೇಟರ್ ಬಲ್ಬಿನ ಟೆಸ್ಟ್ ಲ್ಯಾಂಪ್ ಹಚ್ಚುವ ಅಭ್ಯಾಸ ಹಲವು ಮಿಸ್ತ್ರಿಗಳಿಗಿದೆ. ದಯವಿಟ್ಟು ತಡೆಯಿರಿ. 30 ಓಮ್ ಕಾಯಿಲ್ ಎಳೆಯುವುದು 0.4 ಆಂಪಿಯರ್, ಆ ಬಲ್ಬ್ ಎಳೆಯುವುದು ಹತ್ತಿರ ಹತ್ತಿರ 1.75 ಆಂಪಿಯರ್. ಇಸಿಎಂ ಒಳಗಿನ ಡ್ರೈವರ್ (ಸೊಲೆನಾಯ್ಡಿನ ಕರೆಂಟ್ ಆನ್-ಆಫ್ ಮಾಡುವ ಭಾಗ) ಅಷ್ಟನ್ನು ತಡೆಯಲೆಂದು ಮಾಡಿದ್ದಲ್ಲ. ಎಲ್‌ಇಡಿ ಲ್ಯಾಂಪ್ ಬಳಸಿ, ಇಲ್ಲವೇ ಸ್ಕ್ಯಾನರ್ ಇದ್ದವರಿಂದ ಔಟ್‌ಪುಟ್ ಟೆಸ್ಟ್ ಮಾಡಿಸಿ. ಎನ್75, ಎನ್249, ಎನ್80 ಒಂದೊಂದಾಗಿ ಟಕ್ ಟಕ್ ಎನ್ನುವುದು ಕೇಳಿಸುತ್ತದೆ. ಶಾರ್ಟ್ ಆದ ಹಳೆ ಸೊಲೆನಾಯ್ಡಿನಿಂದ ಇಸಿಎಂ ಡ್ರೈವರ್ ಆಗಲೇ ಸುಟ್ಟಿದ್ದರೆ ಹೊಸದು ಹಾಕಿದರೂ ಈ ಸದ್ದು ಬರುವುದಿಲ್ಲ, ಅದನ್ನು ದುಡ್ಡು ಕೊಡುವ ಮೊದಲೇ ತಿಳಿಯುವುದು ಒಳ್ಳೆಯದು.

ಪಿನ್‌ಗಳಲ್ಲಿ ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತು ಸಲ ಹಾಕಿ ತೆಗೆಯಿರಿ. ಮಳೆಗಾಲ ಮುಗಿದ ಮೇಲೆ ಬರುವ ದೋಷಗಳಲ್ಲಿ ಬಹಳಷ್ಟು ಇಲ್ಲೇ ಮುಗಿಯುತ್ತವೆ.

ಆಮೇಲೆ ಗಾಳಿ

ಟಕ್ ಎಂದರೆ ಸೊಲೆನಾಯ್ಡ್ ಸರಿ ಎಂದು ತೀರ್ಮಾನಿಸುವುದು ದೊಡ್ಡ ತಪ್ಪು. ಪ್ಲಂಜರ್ ಸರಿಯುತ್ತದೆ, ರಬ್ಬರ್ ಸೀಟು ತಿಂದುಹೋಗಿ ಗಾಳಿ ಮಾತ್ರ ಸೋರುತ್ತಲೇ ಇರುತ್ತದೆ.

ಸೊಲೆನಾಯ್ಡ್ ಹೊರಗೆ ತೆಗೆದು ಮೇಜಿನ ಮೇಲಿಡಿ. ಕರೆಂಟ್ ಇಲ್ಲದೆ ಪ್ರತಿ ನಿಪ್ಪಲ್ಲಿಗೂ ಊದಿ ಎಲ್ಲಿಂದ ಎಲ್ಲಿಗೆ ಗಾಳಿ ಹೋಗುತ್ತದೆ ಬರೆದುಕೊಳ್ಳಿ. ಫ್ಯೂಸ್ ಹಾಕಿದ ವೈರಿನಿಂದ 12 ವೋಲ್ಟ್ ಕೊಟ್ಟು ಇನ್ನೊಮ್ಮೆ ಊದಿ, ದಾರಿ ಬದಲಾಗಬೇಕು. ಕೆಲವದರ ಒಳಗೆ ಡಯೋಡ್ ಇರುತ್ತದೆ, ಪ್ಲಸ್ ಮೈನಸ್ ಉಲ್ಟಾ ಕೊಟ್ಟರೆ ಅದು ಸುಡುತ್ತದೆ. ಗಾಡಿಯ ಕಪ್ಲರಿನಲ್ಲಿ ಸಪ್ಲೈ ಯಾವ ಪಿನ್ನಿಗೆ ಬರುತ್ತಿತ್ತೋ ಅದೇ ಪಿನ್ನಿಗೆ ಪ್ಲಸ್ ಕೊಡಿ. ಒಮ್ಮೆಗೆ ಐದು ಸೆಕೆಂಡಿಗಿಂತ ಹೆಚ್ಚು ಕೊಡುವ ಅಗತ್ಯವಿಲ್ಲ.

ಈಗ ಮುಚ್ಚಿರಬೇಕಾದ ನಿಪ್ಪಲ್ಲಿಗೆ ವ್ಯಾಕ್ಯೂಮ್ ಪಂಪ್ ಹಚ್ಚಿ 15 ಇಂಚಿಗೆ (ಗೇಜಿನ ಪಾದರಸದ ಇಂಚು) ಎಳೆದು ಬಿಡಿ. ಅರ್ಧ ನಿಮಿಷದಲ್ಲಿ ಮುಳ್ಳು ಒಂದು ಇಂಚಿಗಿಂತ ಹೆಚ್ಚು ಬೀಳಬಾರದು. ಸಿರಿಂಜ್ ಆದರೆ ಅದರ ಹಿಂದಿನ ಹಿಡಿಯನ್ನು ಅರ್ಧ ಎಳೆದು ಅರ್ಧ ನಿಮಿಷ ಹಿಡಿದು ಕೈ ಬಿಡಿ. ಹೆಚ್ಚುಕಡಿಮೆ ಹೊರಟ ಜಾಗಕ್ಕೇ ಹಿಂದಕ್ಕೆ ಹೋಗಬೇಕು. ನಡುವೆ ನಿಂತರೆ ಅಷ್ಟು ಗಾಳಿ ಒಳಗೆ ಸೇರಿದೆ. ಇದೇ ಪರೀಕ್ಷೆಯನ್ನು ಆಕ್ಚುಯೇಟರ್ ಡಬ್ಬಿ, ಡೈವರ್ಟರ್ ವಾಲ್ವಿನ ಮೇಲಿನ ಸಣ್ಣ ನಿಪ್ಪಲ್, ವ್ಯಾಕ್ಯೂಮ್ ಡಬ್ಬಿ ಮೂರಕ್ಕೂ ಮಾಡಿ. ಒಳಗಿನ ರಬ್ಬರ್ ಪರದೆ (ಡಯಾಫ್ರಮ್) ಹರಿದಿದ್ದರೆ ಸೊಲೆನಾಯ್ಡ್ ಎಷ್ಟು ಹೊಸದಿದ್ದರೂ ಕೆಲಸವಿಲ್ಲ.

ಎಂಜಿನ್ನಿನಿಂದ ಬರುವ ವ್ಯಾಕ್ಯೂಮ್ ಅಳೆಯುವಾಗ ಒಂದು ಮಾತು. ಪುಸ್ತಕದಲ್ಲಿ ಐಡ್ಲಿಂಗಿಗೆ 17–21 ಇಂಚು ಎಂದಿರುವುದು ಸಮುದ್ರಮಟ್ಟದ ಊರಿಗೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಮ್ಮಿ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ, ಇಲ್ಲಿ ಒಂದೂವರೆ ಇಂಚು ಕಳೆಯಿರಿ. ಬೀದರ್ 600 ಮೀಟರಿಗೂ ಮೇಲಿದೆ, ಅಲ್ಲಿ ಎರಡು ಇಂಚು. ಬೀದರಿನಲ್ಲಿ 16 ಇಂಚು ತೋರಿಸಿ ಮುಳ್ಳು ಅಲ್ಲಾಡದೆ ನಿಂತಿದ್ದರೆ ಎಂಜಿನ್ ಆರೋಗ್ಯವಾಗಿದೆ. ಮುಳ್ಳು ನಡುಗುತ್ತಿದ್ದರೆ ದೋಷ ಸೊಲೆನಾಯ್ಡಿನದಲ್ಲ, ವಾಲ್ವಿನ ಕಡೆಯೋ ಇಗ್ನಿಷನ್ ಕಡೆಯೋ ಹುಡುಕಬೇಕು.

ಉಸಿರಾಟದ ಟೋಪಿ ಮರೆಯಬೇಡಿ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿಯ ಹೊಟ್ಟು ಹಾರುವಾಗ, ಶಹಾಬಾದ್, ವಾಡಿ, ಸೇಡಂ ಕಡೆ ಕಲ್ಲು ಮತ್ತು ಸಿಮೆಂಟಿನ ಧೂಳಿನಲ್ಲಿ ದಿನವೂ ಓಡಾಡುವಾಗ, ಈ ಸ್ಪಂಜ್ ಬೇಗ ಕಟ್ಟುತ್ತದೆ. ಆಗ ಎಳೆದ ವ್ಯಾಕ್ಯೂಮ್ ಬಿಡುಗಡೆಯಾಗದೆ ಆಕ್ಚುಯೇಟರ್ ಎಳೆದಲ್ಲೇ ನಿಲ್ಲುತ್ತದೆ. ಟೋಪಿ ಬಿಚ್ಚಿ, ಸ್ಪಂಜನ್ನು ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಟೋಪಿ ಬಿಚ್ಚದೆ ಹೊರಗಿನಿಂದ ಏರ್ ಗನ್ ಹೊಡೆದರೆ ಧೂಳೆಲ್ಲ ಪ್ಲಂಜರಿಗೆ ಹೋಗುತ್ತದೆ. ಸ್ಪಂಜ್ ಪುಡಿಯಾಗಿದ್ದರೆ ಅಕ್ವೇರಿಯಂ ಫಿಲ್ಟರಿನ ಸ್ಪಂಜ್ ಕತ್ತರಿಸಿ ಹಾಕಬಹುದು; ಸ್ಪಂಜ್ ಇಲ್ಲದೆ ಮಾತ್ರ ಓಡಿಸಬೇಡಿ.

ಮುರಿದ ನಿಪ್ಪಲ್ ಕಟ್ಟುವುದು

ಸರಿಯಾದ ಪರಿಹಾರ ಹೊಸ ಸೊಲೆನಾಯ್ಡ್. ಅದು ಬರುವವರೆಗೆ ಗಾಡಿ ಓಡಬೇಕು ಎಂದರೆ, ಅಥವಾ ಆ ಸಾಮಾನೇ ಈಗ ತಯಾರಾಗುತ್ತಿಲ್ಲ ಎಂದರೆ, ಈ ಕೆಲಸ.

ಫೆವಿಕ್ವಿಕ್ ಹಾಕಿ ತುಂಡು ಅಂಟಿಸುವುದು ವ್ಯರ್ಥ. ನಿಪ್ಪಲ್ ಗಾಜಿನ ನಾರು ಬೆರೆತ ನೈಲಾನ್. ಅದಕ್ಕೆ ಆ ಅಂಟು ಚೆನ್ನಾಗಿ ಹಿಡಿಯುವುದಿಲ್ಲ, ಬಿಸಿಗೂ ನಡುಕಕ್ಕೂ ಬಿಡುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ತೆಳು ಅಂಟು ರಂಧ್ರದೊಳಗೆ ಹರಿದು ಪ್ಲಂಜರನ್ನೇ ಹಿಡಿದುಬಿಡುತ್ತದೆ.

ಬೇಕಾದ್ದು ಹಿತ್ತಾಳೆಯ ತೆಳು ಕೊಳವೆ, ಹೊರವ್ಯಾಸ 3–4 ಮಿ.ಮೀ., ಉದ್ದ 18–20 ಮಿ.ಮೀ. ಹಳೆ ರೇಡಿಯೋದ ಎಳೆಯುವ ಏರಿಯಲ್ ಕತ್ತರಿಸಿದರೆ ಬೇರೆ ಬೇರೆ ಅಳತೆಯ ಕೊಳವೆ ಸಿಗುತ್ತವೆ. ಅಯಸ್ಕಾಂತ ಹಿಡಿಯದಿದ್ದರೆ ಹಿತ್ತಾಳೆ, ಹಿಡಿದರೆ ಕಬ್ಬಿಣ, ತುಕ್ಕು ಬರುತ್ತದೆ, ಬಿಡಿ. ಕತ್ತರಿಸಿದ ತುದಿಗಳನ್ನು ಮರಳುಕಾಗದದಿಂದ ನಯ ಮಾಡಿ, ಒಳಗೆ ಸೇರುವ 8 ಮಿ.ಮೀ. ಭಾಗವನ್ನು ಗೀರಿ ಒರಟು ಮಾಡಿ.

ಸೊಲೆನಾಯ್ಡನ್ನು ಮುರಿದ ಬಾಯಿ ಕೆಳಗೆ ಬರುವಂತೆ ಹಿಡಿಯಿರಿ. ಕೊಳವೆಯ ಹೊರವ್ಯಾಸಕ್ಕೆ ಸರಿಹೊಂದುವ ಡ್ರಿಲ್ ಬಿಟ್ಟನ್ನು ಬೆರಳಲ್ಲೇ ತಿರುಗಿಸುತ್ತ ಬುಡದ ರಂಧ್ರ ಅಗಲ ಮಾಡಿ, ಆಳ 8 ಮಿ.ಮೀ. ಮೀರಬಾರದು. ಡ್ರಿಲ್ ಮಷಿನ್ ಹಚ್ಚಿದರೆ ಒಂದೇ ಕ್ಷಣದಲ್ಲಿ ಸೀಟಿನವರೆಗೆ ಹೋಗುತ್ತದೆ. ಬಾಯಿ ಕೆಳಗಿರುವುದರಿಂದ ಪುಡಿ ಹೊರಗೆ ಬೀಳುತ್ತದೆ. ಉಳಿದದ್ದನ್ನು ಸಿರಿಂಜಿನಿಂದ ಎಳೆದು ತೆಗೆಯಿರಿ, ಊದಬೇಡಿ. ಬುಡದ ಗೋಡೆ ಒಂದು ಮಿ.ಮೀ. ಕೂಡ ಉಳಿಯುವಂತಿಲ್ಲ ಎಂದಾದರೆ ಈ ಕೆಲಸವನ್ನು ಅಲ್ಲಿಗೇ ಕೈಬಿಡಿ.

ಕೊಳವೆಯೊಳಗೆ ಗ್ರೀಸ್ ಸವರಿದ ತಂತಿ ತೂರಿಸಿ, ಅಂಟು ರಂಧ್ರ ಮುಚ್ಚದಿರಲು. ನಿಧಾನ ಗಟ್ಟಿಯಾಗುವ ಎರಡು ಟ್ಯೂಬಿನ ಅರಾಲ್ಡೈಟ್ ಸಮಪಾಲು ಕಲಸಿ, ಒರಟು ಭಾಗಕ್ಕೆ ತೆಳುವಾಗಿ ಹಚ್ಚಿ ತಿರುಗಿಸುತ್ತ ಸೇರಿಸಿ. ಬುಡದ ಸುತ್ತ ಸಣ್ಣ ಕಟ್ಟೆಯಂತೆ ಇನ್ನಷ್ಟು ಹಚ್ಚಿ. ಹತ್ತು ನಿಮಿಷಕ್ಕೊಮ್ಮೆ ತಂತಿ ಅಲ್ಲಾಡಿಸಿ, ಅಂಟು ಬಿಗಿಯುತ್ತಿದೆ ಅನ್ನಿಸಿದಾಗ ಎಳೆದು ತೆಗೆಯಿರಿ. 24 ಗಂಟೆ ಮುಟ್ಟಬೇಡಿ. ಆಮೇಲೆ ಮೇಲೆ ಹೇಳಿದ ಅರ್ಧ ನಿಮಿಷದ ವ್ಯಾಕ್ಯೂಮ್ ಪರೀಕ್ಷೆ ಮಾಡಿಯೇ ಗಾಡಿಗೆ ಹಾಕಿ. ಕೊಳವೆಯ ಒಳವ್ಯಾಸ ಮೂಲದಷ್ಟೇ ಇರಬೇಕು. ಸಣ್ಣದಾದರೆ ಬೂಸ್ಟ್ ಸೊಲೆನಾಯ್ಡ್ ತಡವಾಗಿ ಸ್ಪಂದಿಸಿ ಬೂಸ್ಟ್ ತೂಗಾಡುತ್ತದೆ. ಎನ್75ಕ್ಕೆ ಈ ರಿಪೇರಿ ಶಾಶ್ವತವಾಗಿ ಬೇಡ. ಎನ್249ರಂಥದಕ್ಕೆ ಅಡ್ಡಿಯಿಲ್ಲ.

ದಾರಿಯಲ್ಲೇ ಮುರಿದರೆ

ಜೇವರ್ಗಿ ದಾಟಿ ಶಹಾಪುರದ ಕಡೆ ಹೊರಟಾಗಲೋ, ಹುಮನಾಬಾದ್ ದಾರಿಯಲ್ಲೋ ಇದಾದರೆ ಮೊದಲು ಯಾವ ಪೈಪು ಎಂದು ನೋಡಿ.

ಮ್ಯಾನಿಫೋಲ್ಡಿನಿಂದ ಬಂದ ವ್ಯಾಕ್ಯೂಮ್ ಪೈಪಾದರೆ ಅದರ ಬಾಯಿಗೆ ತಲೆ ದೊಡ್ಡದಿರುವ ಸ್ಕ್ರೂ ತಿರುವಿ ಕೇಬಲ್ ಟೈ ಬಿಗಿಯಿರಿ. ಕಡ್ಡಿ, ಬೇರಿಂಗ್ ಗುಂಡು ಹಾಕಬೇಡಿ, ಎಂಜಿನ್ ಅದನ್ನು ಒಳಗೆಳೆದುಕೊಳ್ಳಬಹುದು. ತೋಟದ ಸಾಮಾನಿನ ಅಂಗಡಿ ಹತ್ತಿರದಲ್ಲಿದ್ದರೆ ಹನಿ ನೀರಾವರಿಯ 4 ಮಿ.ಮೀ. ಜಾಯಿಂಟರ್, ಡಮ್ಮಿ ಎರಡೂ ಈ ಪೈಪಿಗೆ ಸರಿಯಾಗಿ ಕೂರುತ್ತವೆ. ಊರು ಮುಟ್ಟಲು ಸಾಕು, ಬಿಸಿಗೆ ತಡೆಯುವವಲ್ಲವಾದ್ದರಿಂದ ಅಲ್ಲೇ ಬಿಡಬೇಡಿ.

ವೇಸ್ಟ್‌ಗೇಟ್ ಆಕ್ಚುಯೇಟರಿಗೆ ಹೋಗುವ ಪೈಪಾದರೆ ಎಂದಿಗೂ ಮುಚ್ಚಬೇಡಿ. ಆಕ್ಚುಯೇಟರಿಗೆ ಒತ್ತಡ ತಲುಪದಿದ್ದರೆ ವೇಸ್ಟ್‌ಗೇಟ್ ತೆರೆಯುವುದೇ ಇಲ್ಲ, ಬೂಸ್ಟ್ ತಡೆಯಿಲ್ಲದೆ ಏರಿ ಪಿಸ್ಟನ್ ಹೋಗಬಹುದು. ಟರ್ಬೋದಿಂದ ಬರುವ ಒತ್ತಡದ ಪೈಪನ್ನು ನೇರ ಆಕ್ಚುಯೇಟರಿಗೇ ಜೋಡಿಸಿ, ಎನ್75ದಿಂದ ಇನ್‌ಟೇಕಿಗೆ ಹೋಗುವ ಮೂರನೆಯ ಪೈಪಿನ ಬಾಯಿ ಮುಚ್ಚಿ. ಆಗ ಸ್ಪ್ರಿಂಗ್ ಕೊಡುವಷ್ಟೇ ಕಡಿಮೆ ಬೂಸ್ಟ್ ಬರುತ್ತದೆ, ಪಿಕಪ್ ಮಂದ, ಎಂಜಿನ್ ಕ್ಷೇಮ. ಎನ್75ರ ಕಾಯಿಲ್ ಸತ್ತಾಗಲೂ ಗಾಡಿ ತಾನಾಗಿ ಇದೇ ಸ್ಥಿತಿಗೆ ಬರುತ್ತದೆ.

ಎನ್249 ಮುರಿದರೆ ಇನ್ನೂ ಸುಲಭ. ಡೈವರ್ಟರ್ ವಾಲ್ವಿನ ಸಣ್ಣ ಪೈಪನ್ನು ನೇರ ಮ್ಯಾನಿಫೋಲ್ಡಿನ ವ್ಯಾಕ್ಯೂಮಿಗೆ ಕೊಡಿ, ವ್ಯಾಕ್ಯೂಮ್ ಡಬ್ಬಿಗೆ ಹೋಗುವ ದಾರಿ ಮುಚ್ಚಿ, ಕಪ್ಲರನ್ನು ಮಾತ್ರ ಸೊಲೆನಾಯ್ಡಿಗೆ ಹಾಕಿಯೇ ಇಡಿ. ಇಸಿಎಂಗೆ ಕಾಯಿಲ್ ಕಂಡರೆ ಚೆಕ್ ಲೈಟ್ ಹತ್ತುವುದಿಲ್ಲ. ಡೈವರ್ಟರ್ ಮೊದಲಿನಂತೆ ತೆರೆದು ಮುಚ್ಚುತ್ತದೆ.

ಬ್ರೇಕ್ ಬೂಸ್ಟರಿನ ದಪ್ಪ ಪೈಪಿಗೆ ಯಾವ ಕಾರಣಕ್ಕೂ ಟಿ ಜಾಯಿಂಟ್ ಹಾಕಬೇಡಿ. ಹೊರಡುವ ಮೊದಲು ಎಂಜಿನ್ ಚಾಲೂ ಇಟ್ಟು ಪೆಡಲ್ ಒತ್ತಿ, ಕಲ್ಲಿನಂತೆ ಗಟ್ಟಿ ಇದ್ದರೆ ಗಾಡಿ ಎಳೆಸಿಕೊಂಡೇ ಬನ್ನಿ.

ಪೈಪ್ ಮತ್ತು ಹೊಸ ಸೊಲೆನಾಯ್ಡ್

ಒಂದು ಪೈಪ್ ಸೀಳಿದ್ದರೆ ಉಳಿದವೂ ಅದೇ ವಯಸ್ಸಿನವು, ಎಲ್ಲವನ್ನೂ ಬದಲಿಸಿ. ವ್ಯಾಕ್ಯೂಮಿಗೆ ಸಿಲಿಕಾನ್ ಪೈಪ್ ಒಳ್ಳೆಯದು, ಗೋಡೆ ಕನಿಷ್ಠ 2 ಮಿ.ಮೀ. ದಪ್ಪ ಇರಲಿ, ತೆಳುವಾದದ್ದು ತಿರುವಿನಲ್ಲಿ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಪರ್ಜ್ ವಾಲ್ವಿನ ಪೈಪಿಗೆ ಸಿಲಿಕಾನ್ ಬೇಡ, ಪೆಟ್ರೋಲ್ ಆವಿಗೆ ಅದು ಉಬ್ಬಿ ಮೆತ್ತಗಾಗುತ್ತದೆ, ಅಲ್ಲಿಗೆ ಫ್ಯುಯೆಲ್ ಹೋಸ್ ಬೇಕು. ಸಲಾಯಿನ್ ಪೈಪ್, ಅಕ್ವೇರಿಯಂ ಪೈಪ್ ಎರಡೂ ಎಂಜಿನ್ ಬಿಸಿಗೆ ಮೇಣದಂತೆ ಕುಸಿಯುತ್ತವೆ. ಹಳೆ ಪೈಪಿನಷ್ಟೇ ಉದ್ದ ಕತ್ತರಿಸಿ. ನಿಪ್ಪಲ್ಲಿಗೆ ಎಣ್ಣೆ ಸವರದೆ ಸೋಪಿನ ನೀರು ಮುಟ್ಟಿಸಿ ನೇರ ತಳ್ಳಿ, ಸ್ಪ್ರಿಂಗ್ ಕ್ಲಿಪ್ ಇಲ್ಲವೇ ಸಣ್ಣ ಟೈ ಹಾಕಿ. ಸ್ಕ್ರೂ ಕ್ಲಾಂಪ್ ಬಿಗಿದರೆ ಹಳೆ ನಿಪ್ಪಲ್ ಅಲ್ಲೇ ಪುಡಿಯಾಗುತ್ತದೆ.

ಸೊಲೆನಾಯ್ಡ್ ತರಿಸುವಾಗ ಮೈಮೇಲಿನ ಪಾರ್ಟ್ ನಂಬರನ್ನು ಕೊನೆಯ ಅಕ್ಷರದವರೆಗೂ ಕಳಿಸಿ. ಎನ್75ರಲ್ಲಿ ಸಿ, ಎಫ್, ಎಚ್, ಜೆ ಎಂದು ಕೊನೆಯ ಅಕ್ಷರ ಬೇರೆಯಾದರೆ ಬೂಸ್ಟ್ ಏರುವ ರೀತಿಯೇ ಬೇರೆಯಾಗುತ್ತದೆ, ನೋಡಲು ಎಲ್ಲವೂ ಒಂದೇ. ಗುಜರಿಯಿಂದ ತರುವುದಾದರೆ ಮೀಟರ್, ಸಿರಿಂಜ್ ಜೇಬಲ್ಲಿಟ್ಟುಕೊಂಡು ಹೋಗಿ. ಓಮ್, ಗಾಳಿ ಎರಡೂ ಅಲ್ಲೇ ನೋಡಿ, ನಿಪ್ಪಲ್ಲಿನ ಬುಡದಲ್ಲಿ ಕೂದಲೆಳೆಯ ಬಿರುಕಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡಿ. ಪೈಪು ಅಂಟಿಕೊಂಡೇ ಇದ್ದರೆ ಕೀಳಿಸಬೇಡಿ, ಪೈಪಿನ ಸಮೇತ ಕತ್ತರಿಸಿಕೊಡಲು ಹೇಳಿ.

ಹಾಕುವ ಮೊದಲು ಹೊಸದರ ಓಮ್ ಅಳೆಯಿರಿ. ಗಾಡಿಯಲ್ಲಿ ಅದು ಟರ್ಬೋಗೆ ತೀರಾ ಹತ್ತಿರವಿದ್ದರೆ, ರಬ್ಬರ್ ಬುಷ್ ಮೂಲದಂತೆ ಇಟ್ಟು, ಬ್ರಾಕೆಟ್ ಮತ್ತು ಟರ್ಬೋ ನಡುವೆ ಅಲ್ಯೂಮಿನಿಯಂ ತಗಡಿನ ಮರೆ ಕಟ್ಟಿ. ಕೋಡ್ ಅಳಿಸಿ, ಐಡ್ಲಿಂಗಿನಲ್ಲಿ ಐದು ನಿಮಿಷ ಕಿವಿಯ ಪೈಪಿನಿಂದ ಪ್ರತಿ ಜೋಡಣೆಯನ್ನೂ ಆಲಿಸಿ. ಆಮೇಲೆ ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 2000 ಆರ್‌ಪಿಎಂನಿಂದ ಮೊದಲ ಸಲ ಅರ್ಧ ಆಕ್ಸಿಲರೇಟರ್ ಮಾತ್ರ ಕೊಡಿ. ಬೂಸ್ಟ್ ಸರಾಗ ಏರಿ ಸ್ಥಿರ ನಿಂತರೆ ಪೂರ್ತಿ ಕೊಡಿ. 300–400 ಕಿ.ಮೀ. ಓಡಿದ ಮೇಲೆ ಎಂಜಿನ್ ತಣ್ಣಗಿರುವಾಗ ಟೈಗಳನ್ನೆಲ್ಲ ಇನ್ನೊಮ್ಮೆ ನೋಡಿ, ಹೊಸ ಸಿಲಿಕಾನ್ ಮೊದಲ ಬಿಸಿಗೆ ಸ್ವಲ್ಪ ಕೂತು ಅವು ಸಡಿಲಾಗಿರುತ್ತವೆ.